ತೊಳೆದ ಕೈಗಳ ಅಳತೆ

ನೀನು ಏನು ಕೆಲಸ ಮಾಡ್ತೀಯ ಅಂತ ಕೇಳಿದವರಿಗೆ ಮೊದಲೆಲ್ಲ ಕೂರಿಸಿಕೊಂಡು ವಿವರಿಸುತ್ತಿದ್ದೆ. ಈಗ ಬಿಟ್ಟಿದ್ದೇನೆ. ಚನ್ನಗಿರಿಯಲ್ಲಿ ಕಂಪ್ಯೂಟರ್ ಇಟ್ಟುಕೊಂಡವರೆಲ್ಲ ಪಹಣಿ ತೆಗೆದುಕೊಡುವವರು, ಅರ್ಜಿ ತುಂಬುವವರು. ಬಸ್ ಸ್ಟ್ಯಾಂಡ್ ಹಿಂದಿನ ರಸ್ತೆಯಲ್ಲಿ ಅಬ್ಬಾನ, ಅಂದರೆ ನಮ್ಮಪ್ಪನ ಟೈಲರ್ ಅಂಗಡಿ. ಅದರ ಅರ್ಧಕ್ಕೆ ಅವರ ಹೊಲಿಗೆ ಮಿಷನ್ನು, ಇನ್ನರ್ಧಕ್ಕೆ ನನ್ನ ಮೇಜು. ಸಿಸಿ ಕ್ಯಾಮೆರಾ ಕೂರಿಸುವುದು ಊರಿಗೆ ಕಾಣುವ ನನ್ನ ಕೆಲಸ. ಕಾಣದ ಕೆಲಸ ಇನ್ನೊಂದಿದೆ. ಅದನ್ನು ಬರೆಯದೆ ಈ ಕಥೆ ಹೇಳಲು ಬರುವುದಿಲ್ಲ.

ಕ್ಯಾಮೆರಾ ನೋಡಿದ್ದರಲ್ಲಿ ಯಾವುದು ಏನು ಅಂತ ಗುರುತಿಸುವ ಪ್ರೋಗ್ರಾಮುಗಳಿವೆ. ಇದು ಮನುಷ್ಯ, ಇದು ಎಮ್ಮೆ, ಇದು ಬೈಕು ಅಂತ ಚೌಕ ಎಳೆದು ತೋರಿಸುತ್ತವೆ. ಅದಕ್ಕೆ ಮಾಡೆಲ್ ಅನ್ನುತ್ತಾರೆ. ಸಾವಿರಾರು ಫೋಟೊ ತೋರಿಸಿ ಅದಕ್ಕೆ ಕಲಿಸುವುದು ಎಲ್ಲೋ ದೂರದ ದೊಡ್ಡ ಕಂಪ್ಯೂಟರುಗಳಲ್ಲಿ, ಒಂದು ಸಾಫ್ಟ್‌ವೇರಿನಲ್ಲಿ. ಆದರೆ ಅದು ಕೊನೆಗೆ ದುಡಿಯಬೇಕಾದದ್ದು ಪುಟ್ಟದೊಂದು ಬೋರ್ಡಿನ ಮೇಲೆ, ಬೇರೆಯದೇ ಸಾಫ್ಟ್‌ವೇರಿನಲ್ಲಿ. ಅಲ್ಲಿಯ ಫೈಲು ಇಲ್ಲಿ ತೆರೆಯುವುದೇ ಇಲ್ಲ. ಅದನ್ನು ಬದಲಿಸಿ, ಸಣ್ಣದು ಮಾಡಿ, ಇಲ್ಲಿ ಓಡುವ ಹಾಗೆ ಮಾಡಿಕೊಡುವುದು ನನ್ನ ಪಾಲಿನದು.

ಸಣ್ಣದು ಮಾಡುವುದರಲ್ಲೇ ಇರುವುದು ತಾಪತ್ರಯವೆಲ್ಲ. ಮಾಡೆಲ್‌ನ ಒಳಗೆ ಉದ್ದುದ್ದ ದಶಮಾಂಶದ ಅಂಕಿಗಳು ತುಂಬಿರುತ್ತವೆ. ಪುಟ್ಟ ಬೋರ್ಡಿಗೆ ಅಷ್ಟು ಹೊರಲಾಗದು. ಎಲ್ಲವನ್ನೂ ಇನ್ನೂರೈವತ್ತಾರು ಮೆಟ್ಟಿಲುಗಳೊಳಗೆ ಕೂರಿಸಬೇಕು. ಮೆಟ್ಟಿಲು ಎಲ್ಲಿ ಶುರುವಾಗಬೇಕು, ಎಲ್ಲಿ ಮುಗಿಯಬೇಕು ಅಂತ ತಿಳಿಯಲು ಅದರ ಮುಂದೆ ಒಂದಷ್ಟು ಮಾದರಿ ಫೋಟೊ ಇಡಬೇಕು. ಒಮ್ಮೆ ಅಬ್ಬಾಗೆ ಇದನ್ನು ಹೇಳಿದಾಗ ಅವರು ಸೂಜಿಗೆ ದಾರ ಪೋಣಿಸುತ್ತಲೇ, "ಅಳತೆಗೆ ಅಂತ ಹಳೇ ಬ್ಲೌಸು ತಂದುಕೊಡ್ತಾರಲ್ಲ, ಹಂಗೆ" ಅಂದರು. ಮನೆಯಲ್ಲಿ ನಮ್ಮ ಮಾತು ಉರ್ದು, ಇಲ್ಲಿ ಕನ್ನಡಕ್ಕೆ ತಂದಿದ್ದೇನೆ. ನಾಲ್ಕು ವರ್ಷ ಓದಿ ನಾನು ತಿಳಿದದ್ದನ್ನು ಆ ಮನುಷ್ಯ ನಾಲ್ಕು ಮಾತಲ್ಲಿ ಮುಗಿಸಿಬಿಟ್ಟರು.

ಆ ವರ್ಷ ಅಡಿಕೆ ಸುಲಿಯುವ ಮಿಷನ್ ಮಾಡುವ ಸಣ್ಣ ಕಂಪನಿಯೊಂದು ನನ್ನನ್ನು ಹುಡುಕಿಕೊಂಡು ಬಂತು. ಮಿಷನ್ನಿನ ಬಾಯಲ್ಲಿ ಅಡಿಕೆ ಸಿಕ್ಕಿಕೊಳ್ಳುತ್ತದೆ. ಹೆಂಗಸರು ಅದನ್ನು ತಳ್ಳಲು ಹೋಗುತ್ತಾರೆ. ಒಳಗೆ ಬ್ಲೇಡು ತಿರುಗುತ್ತಿರುತ್ತದೆ. ಬಾಯ ಮೇಲೊಂದು ಕ್ಯಾಮೆರಾ ಡಬ್ಬಿ ಕೂರಿಸಬೇಕು, ಹಳದಿ ಗೆರೆ ದಾಟಿ ಕೈ ಬಂದರೆ ಡಬ್ಬಿ ಕರೆಂಟು ಕಡಿಯಬೇಕು. ಕೈ ಗುರುತಿಸುವ ಮಾಡೆಲ್ ಅವರ ಹತ್ತಿರ ತಯಾರಿತ್ತು, ಅದನ್ನು ಡಬ್ಬಿಗೆ ಇಳಿಸಿಕೊಡಬೇಕಿತ್ತು, ಅಷ್ಟೇ. ಮೊದಲು ನಾಲ್ಕು ಡಬ್ಬಿ: ನಲ್ಲೂರಿನ ಒಂದು ಶೆಡ್ಡಿಗೆ, ಹೊನ್ನಾಳಿಗೆ, ನ್ಯಾಮತಿಗೆ, ಮತ್ತೆ ಜಗಳೂರಿನಲ್ಲಿ ಮೆಕ್ಕೆಜೋಳ ಬಿಡಿಸುವ ಮಿಷನ್ನಿಗೆ. ಇನ್ನು ಮೇಲೆ ನನ್ನ ಅಂಕಿಗಳ ಮೇಲೆ ಹೆಂಗಸರ ಬೆರಳು ನಿಂತಿವೆ ಅನ್ನುವುದು ನನಗಾಗ ಅಷ್ಟಾಗಿ ತಟ್ಟಲಿಲ್ಲ. ಈಗ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಮಾದರಿ ಫೋಟೊಗಾಗಿ ನಲ್ಲೂರಿನ ಶೆಡ್ಡಿಗೆ ಹೋದೆ. ಅಲ್ಲಿ ಸುಲಿಯುವ ಹದಿನಾರು ಹೆಂಗಸರ ಗ್ಯಾಂಗು ನಮ್ಮ ಓಣಿಯ ಅಕ್ಕನದು. ಅಕ್ಕ ಅಂದರೆ ಒಡಹುಟ್ಟಿದವಳಲ್ಲ, ಚಿಕ್ಕಂದಿನಿಂದ ಬಾಯಿತುಂಬ ಹಾಗೆ ಕರೆಯುತ್ತಾ ಬಂದವಳು. ಐವತ್ತರ ಆಜುಬಾಜು ವಯಸ್ಸು. ಬಾಯಿ ಜೋರು, ಕೆಲಸ ಅದಕ್ಕಿಂತ ಜೋರು. ಹಿಂದಿನ ದಿನ ಫೋನು ಮಾಡಿ, "ನಾಳೆ ಕೈಗಳ ಫೋಟೊ ತೆಗೆಯಾಕೆ ಬರ್ತೀನಿ ಅಕ್ಕ" ಅಂದಿದ್ದೆ.

ಮಾರನೇ ದಿನ ಹೋಗಿ ನೋಡುತ್ತೇನೆ, ನೀರಿನ ತೊಟ್ಟಿಯ ಸುತ್ತ ಹದಿನಾರೂ ಜನ ಕೂತು ಹುಣಸೆಹಣ್ಣು ಹಾಕಿ ಗಸಗಸ ಕೈ ಉಜ್ಜುತ್ತಿದ್ದಾರೆ! ಹಸಿ ಅಡಿಕೆಯ ರಸ ಹತ್ತಿ ಕೈ ಕಪ್ಪಾಗುತ್ತದೆ, ಅದಕ್ಕೆ ಕರೆ ಅನ್ನುತ್ತಾರೆ. ಸೀಸನ್ನಿನ ಮೊದಲ ವಾರವಾದ್ದರಿಂದ ಅದಿನ್ನೂ ಚರ್ಮಕ್ಕೆ ಇಳಿದಿರಲಿಲ್ಲ, ಉಜ್ಜಿದರೆ ಹೋಗುತ್ತಿತ್ತು. ಇಬ್ಬರು ಮೆಹಂದಿ ಹಾಕಿಕೊಂಡು ಬಂದಿದ್ದರು. ಒಬ್ಬಳು ಹೊಸ ಬಳೆ ತೊಟ್ಟಿದ್ದಳು.

"ಏನ್ ಅಕ್ಕ ಇದು, ಮದುವೆಗೆ ಹೊಂಟಂಗೆ?" ಅಂತ ನಕ್ಕೆ.

"ಮತ್ತೆ? ಈ ಗಲೀಜು ಕೈ ತೋರ್ಸಾಕೆ ಆಗುತ್ತೇನೇ? ಎಲ್ಲೆಲ್ಲಿಗೆ ಹೋಗುತ್ತೋ ಏನೋ ಫೋಟೊ. ನೋಡ್ದೋರು ಏನಂದ್ಕಂತಾರೆ ನಮ್ಮನ್ನ!" ಅಂದಳು ಅಕ್ಕ.

ಆಧಾರ್ ಕಾರ್ಡಿನ ಫೋಟೊಕ್ಕೂ ಮುಖ ತೊಳೆದು, ಪೌಡರ್ ಹಚ್ಚಿ, ಪೆಟ್ಟಿಗೆಯ ಸೀರೆ ಉಟ್ಟು ಹೋಗುವ ಜನ ನಾವು. ಹಾಗಾಗಿ ನನಗೂ ಅದು ಸರಿ ಅನ್ನಿಸಿತು. ಸರಿ ಅನ್ನಿಸಿದ್ದಷ್ಟೇ ಅಲ್ಲ, ಖುಷಿಯಾಯಿತು. ಬೆಳಕು ಚೆನ್ನಾಗಿತ್ತು, ಕೈಗಳು ಚೆನ್ನಾಗಿದ್ದವು. ಕೆಲಸ ನಡೆಯುತ್ತಿರುವಾಗಲೇ ಫೋಟೊ ತೆಗೆಯಬೇಕು ಅಂತ ಕಂಪನಿಯವರು ಬರೆದು ಕಳಿಸಿದ್ದರು. ಇವೂ ಮಿಷನ್ನಿನ ಮುಂದೆಯೇ ತೆಗೆದವಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ಮಾಡೆಲ್ ಬದಲಿಸಿ, ಅದೇ ಫೋಟೊಗಳ ಮೇಲೆ ಪರೀಕ್ಷೆಯನ್ನೂ ಮಾಡಿದೆ. ಒಂದೂ ತಪ್ಪಲಿಲ್ಲ. ಜಗಳೂರಿಗೂ ಅದೇ ಫೈಲು ಸಾಕು ಅಂತ ಕಳಿಸಿಕೊಟ್ಟೆ. ಎಂಥಾ ಜಂಬ ನನಗೆ ಆವತ್ತು!

ಅದೇ ವಾರದ ಕೊನೆಗೆ ಡಬ್ಬಿ ಕೂರಿಸಿದ ದಿನ ಅಕ್ಕ ಮುಂದೆ ಬಂದು ಗೆರೆ ದಾಟಿ ಕೈ ಚಾಚಿದಳು. ಮಿಷನ್ನು ಟಕ್ಕನೆ ನಿಂತಿತು. ಹೆಂಗಸರು ಹೋ ಅಂತ ಕೂಗಿದರು. ಅದುವರೆಗೆ ಸಿಕ್ಕಿಕೊಂಡ ಅಡಿಕೆ ತಳ್ಳಲು ಅವರು ಒಂದು ಬಿದಿರ ಕಡ್ಡಿ ಇಟ್ಟುಕೊಂಡಿದ್ದರು. ಅಕ್ಕ ಅದನ್ನು ಎತ್ತಿ ಸೌದೆಯ ಮೇಲೆ ಎಸೆದು, "ನಮ್ಮ ಹುಡುಗಿ ಮಾಡಿದ ಡಬ್ಬಿ ಐತೆ, ಇನ್ನೇನ್ ಭಯ" ಅಂದಳು. ನಾನು ಬೇಡ ಅನ್ನಲಿಲ್ಲ.

ಒಂದು ತಿಂಗಳಾಗಿತ್ತು. ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಶೆಡ್ಡಿನ ಸಾಹುಕಾರರು ಫೋನು ಮಾಡಿದರು. ಅಕ್ಕನ ಬಲಗೈ ಮಿಷನ್ನಿಗೆ ಹೋಗಿದೆ, ದಾವಣಗೆರೆಗೆ ಕರೆದುಕೊಂಡು ಹೋಗುತ್ತಿದ್ದಾರೆ ಅಂದರು. ನಡುವಿನ ಬೆರಳು ಮತ್ತು ಉಂಗುರದ ಬೆರಳು ಬುಡದಿಂದ ಹೋಗಿವೆ ಅಂತ ಸಂಜೆಯೊಳಗೆ ತಿಳಿಯಿತು.

ಮಾರನೇ ದಿನ ಶೆಡ್ಡಿಗೆ ಹೋದರೆ ಸಾಹುಕಾರರ ತೀರ್ಮಾನ ಆಗಲೇ ಆಗಿತ್ತು. "ಮಾತಾಡ್ಕಂತಾ ಕೆಲಸ ಮಾಡಿದ್ರೆ ಇನ್ನೇನಾಗುತ್ತಮ್ಮ? ಎಲ್ಲೋ ನೋಡ್ಕಂಡು ಎಲ್ಲೋ ಕೈ ಹಾಕಿದ್ಲು. ಡಬ್ಬಿದೇನೂ ತಪ್ಪಿಲ್ಲ ಬಿಡು, ನೀನು ತಲೆ ಕೆಡಿಸ್ಕಬೇಡ." ಕಂಪನಿಗೆ ಫೋನು ಮಾಡಿದರೆ ಅವರದೂ ಅದೇ ರಾಗ. ಡಬ್ಬಿಯ ದಾಖಲೆಯಲ್ಲಿ ಆ ಹೊತ್ತಿಗೆ ಕೈ ಕಂಡಿಲ್ಲ ಅಂತಿದೆ, ಹಾಗಾಗಿ ಕೈ ಗೆರೆಯ ಹತ್ತಿರ ಬಂದಿಲ್ಲ, ಇನ್ನೆಲ್ಲೋ ಸಂದಿಯಿಂದ ಹೋಗಿರಬೇಕು ಅಂದರು. ಗ್ಯಾಂಗಿನ ಹೆಂಗಸರೂ ತಲೆ ತಗ್ಗಿಸಿ, "ಅಕ್ಕಂಗೆ ಅವಸರ ಜಾಸ್ತಿ" ಅಂದರು. ಎಲ್ಲರೂ ಸೇರಿ ಒಂದೇ ಕಡೆ ಬೆರಳು ತೋರಿಸಿದಾಗ ನನಗೆ ಸಮಾಧಾನವಾಗಬೇಕಿತ್ತು. ಸುಳ್ಳು ಯಾಕೆ ಹೇಳಲಿ, ಅರೆಗಳಿಗೆ ಸಮಾಧಾನವಾಯಿತು ಕೂಡ.

ಆದರೂ ಡಬ್ಬಿ ಬಿಚ್ಚಿಕೊಂಡು ಅಂಗಡಿಗೆ ತಂದೆ. ಅದರೊಳಗೆ ಕೊನೆಯ ಕೆಲವು ನಿಮಿಷಗಳ ಚಿತ್ರ ಉಳಿದಿರುತ್ತದೆ. ನೋಡಲು ಮನಸ್ಸಿರಲಿಲ್ಲ, ನೋಡಿದೆ. ಅಕ್ಕ ಎಲ್ಲೂ ನೋಡುತ್ತಿರಲಿಲ್ಲ, ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ಅಡಿಕೆ ಸಿಕ್ಕಿಕೊಂಡಿತ್ತು. ನೇರವಾಗಿ ಗೆರೆ ದಾಟಿ ಕೈ ಇಟ್ಟಳು, ಮಿಷನ್ನು ನಿಲ್ಲಲಿ ಅಂತ ಒಂದು ಗಳಿಗೆ ಕಾದಳು. ಬಾಯಲ್ಲಿದ್ದ ಅಡಿಕೆ ಅಲುಗದ್ದು ನೋಡಿ, ನಿಂತಿದೆ ಅಂದುಕೊಂಡು ಒಳಗೆ ತಳ್ಳಿದಳು. ಆ ಕೈ ಮೊಳಕೈವರೆಗೂ ಕಪ್ಪಗಿತ್ತು. ಒಂದು ತಿಂಗಳ ಕರೆ ಅದು.

ಆ ಚಿತ್ರವನ್ನು ಕಂಪನಿ ಕಳಿಸಿದ ಮೂಲ ಮಾಡೆಲ್‌ಗೆ ಕೊಟ್ಟೆ. ತಕ್ಷಣ ಚೌಕ ಎಳೆದು ಕೈ ಅಂತ ತೋರಿಸಿತು. ನಾನು ಬದಲಿಸಿ ಕೊಟ್ಟ ಮಾಡೆಲ್‌ಗೆ ಕೊಟ್ಟೆ. ಏನೂ ಬರಲಿಲ್ಲ. ಇನ್ನೊಮ್ಮೆ ಕೊಟ್ಟೆ. ಏನೂ ಇಲ್ಲ. ಮಾದರಿ ಫೋಟೊಗಳನ್ನು ತೆರೆದು ನೋಡಿದೆ. ಹುಣಸೆಹಣ್ಣಿನಲ್ಲಿ ತೊಳೆದ, ಹೊಳೆಯುವ ಮೂವತ್ತೆರಡು ಕೈಗಳು. ನನ್ನ ಮೆಟ್ಟಿಲುಗಳೆಲ್ಲ ಆ ಕೈಗಳ ಅಳತೆಯವು. ಕರೆ ಹಿಡಿದ ಕೈ ಅದರ ಲೆಕ್ಕದಲ್ಲಿ ನೆರಳಿನೊಳಗೆ, ಅಡಿಕೆ ಸಿಪ್ಪೆಯೊಳಗೆ ಕರಗಿಹೋಗಿತ್ತು. ಆ ಹೆಂಗಸರು ಸೀಸನ್ನಿನ ನಾಲ್ಕು ತಿಂಗಳು ಯಾವ ಕೈಯಲ್ಲಿ ದುಡಿಯುತ್ತಾರೋ ಆ ಕೈಯನ್ನು ನನ್ನ ಡಬ್ಬಿ ಒಂದು ದಿನವೂ ನೋಡಿರಲಿಲ್ಲ.

ಅಬ್ಬಾ ಕತ್ತರಿ ಕೆಳಗಿಟ್ಟು, "ಏನಾಯ್ತು?" ಅಂದರು. ಹೇಳಿದೆ. "ನಿನಗೆ ಬಿಟ್ರೆ ಇನ್ಯಾರಿಗೆ ಗೊತ್ತು ಇದು?" ಅಂತ ಕೇಳಿದರು. ಯಾರಿಗೂ ಇಲ್ಲ. ಆ ಎರಡು ಫೈಲು ತೆರೆದು ಪಕ್ಕಪಕ್ಕ ಇಟ್ಟು ನೋಡುವವರು ಈ ತಾಲ್ಲೂಕಿನಲ್ಲಿ ನಾನೊಬ್ಬಳೇ. ಬಾಯಿ ಮುಚ್ಚಿಕೊಂಡಿದ್ದರೆ ಅಕ್ಕನ ಅವಸರ ಅಂತ ಊರೆಲ್ಲ ಮಾತಾಡಿ ಮುಗಿಸುತ್ತಿತ್ತು. ಅಬ್ಬಾ ಕೇಳಿದ್ದು ಮುಚ್ಚಿಡು ಅಂತಲೋ, ಹೇಳು ಅಂತಲೋ, ಇವತ್ತಿಗೂ ನನಗೆ ಗೊತ್ತಿಲ್ಲ. ಆ ಹೊತ್ತಿಗೆ ತಲೆಯಲ್ಲಿದ್ದದ್ದು ಒಂದೇ: ಇನ್ನೂ ಮೂರು ಡಬ್ಬಿ ಓಡುತ್ತಿವೆ.

ಮೂರೂ ಕಡೆ ಫೋನು ಮಾಡಿದೆ. ಜಗಳೂರಿನವರು ಎತ್ತಲಿಲ್ಲ. ಹೊನ್ನಾಳಿಯವರು, ಆಯ್ತು ನೋಡಣ ಅಂದರು. ನ್ಯಾಮತಿಯವರು, "ಸೀಸನ್ ಮುಗೀಲಿ ತಾಯಿ, ಆಮೇಲೆ ಬಿಚ್ಕಂಡ್ ಹೋಗು" ಅಂದರು. ಬ್ಯಾಗಿಗೆ ಸ್ಕ್ರೂಡ್ರೈವರ್ ಹಾಕಿಕೊಂಡು ಬಸವಾಪಟ್ಟಣದ ಮೇಲೆ ಹೊನ್ನಾಳಿಗೆ ಹೋಗುವ ಬಸ್ಸು ಹತ್ತಿದೆ.

ಹೊನ್ನಾಳಿಯಲ್ಲಿ ಅಷ್ಟು ಕಷ್ಟವಾಗಲಿಲ್ಲ. ಕೆಲಸದ ಹೆಂಗಸರ ಮುಂದೆಯೇ ನಿಂತು, ಈ ಡಬ್ಬಿಗೆ ಕಪ್ಪು ಕೈ ಕಾಣಲ್ಲ, ಕಡ್ಡಿಯಿಂದಲೇ ತಳ್ಳಿರಿ ಅಂದೆ. ಅವರು ಒಬ್ಬರ ಕೈ ಒಬ್ಬರು ನೋಡಿಕೊಂಡರು. ನ್ಯಾಮತಿಯ ಸಾಹುಕಾರರು ಮಾತ್ರ ಬಾಗಿಲಲ್ಲೇ ಅಡ್ಡ ನಿಂತರು. "ನಮ್ಮಲ್ಲಿ ಏನೂ ಆಗಿಲ್ಲಲ್ಲ? ನಡೀತಾ ಇರೋ ಕೆಲಸ ಯಾಕೆ ನಿಲ್ಲಿಸ್ತೀಯ?"

"ಆಗಿಲ್ಲ ಅಂತಲೇ ಬಂದಿರೋದ್ರೀ! ಆದ ಮೇಲೆ ಬಂದು ಏನ್ ಮಾಡ್ಲಿ, ಬೆರಳು ಆರಿಸ್ಕಂಡು ಹೋಗ್ಲಾ?" ಅಂತ ಕೂಗಿಬಿಟ್ಟೆ. ಹಿರಿಯರು, ಹಾಗೆ ಮಾತಾಡಬಾರದಿತ್ತು. ಆದರೆ ಮಿಷನ್ನು ನಿಂತಿತು.

ಜಗಳೂರಿಗೆ ಮುಟ್ಟಿದ್ದು ಮಾರನೇ ದಿನ, ದಾವಣಗೆರೆ ಮೇಲೆ. ಅಲ್ಲಿ ಅಡಿಕೆಯ ಕರೆ ಇಲ್ಲ, ಜೋಳದ ಧೂಳು. ಮಿಷನ್ ನಡೆಸುವ ಹಿರಿಯರ ಕೈ ಬೆರಳಿನಿಂದ ತೋಳಿನವರೆಗೆ ಬೂದಿ ಬಳಿದ ಹಾಗಿತ್ತು. ಬ್ಲೇಡಿನ ಬೆಲ್ಟು ಬಿಚ್ಚಿಸಿ, ಬರೀ ಮೋಟಾರು ಓಡಿಸಿ, ಗೆರೆಯ ಆಚೆ ಕೈ ಹಿಡಿಯಿರಿ ಅಂದೆ. ಅವರು ಹಿಡಿದರು. ಮೋಟಾರು ಓಡುತ್ತಲೇ ಇತ್ತು. ಕೈಯನ್ನು ಆಡಿಸಿದರು, ಮಡಿಸಿದರು, ಬಿಚ್ಚಿದರು. ಓಡುತ್ತಲೇ ಇತ್ತು. ಅವರು ನನ್ನ ಮುಖ ನೋಡಿ, "ಇಷ್ಟ್ ದಿನ ಇದ್ನ ನಂಬ್ಕಂಡಿದ್ವೇನವ್ವಾ ನಾವು?" ಅಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಡಬ್ಬಿ ಬಿಚ್ಚಿಕೊಂಡು ಬಸ್ಸು ಹತ್ತಿ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ.

ಅಕ್ಕ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಹೋದೆ. ಜಗುಲಿಯ ಮೇಲೆ ಕೂತಿದ್ದಳು, ಬಲಗೈಗೆ ಬಟ್ಟೆ ಸುತ್ತಿತ್ತು. ಎಡಗೈಯಲ್ಲಿ ತಿನ್ನಲು ಬರದೆ ಸೊಸೆ ಅನ್ನ ಕಲಸಿ ತಿನ್ನಿಸುತ್ತಿದ್ದಾಳೆ ಅಂತ ಹೇಳುವಾಗ ಆ ಜೋರು ಬಾಯಿಯ ದನಿ ಸಣ್ಣಗಾಗಿತ್ತು. ನನ್ನಿಂದ ಆದದ್ದು ಅಂತ ಹೇಳಿದೆ. ಮೆಟ್ಟಿಲು, ಮಾದರಿ ಏನೂ ಬೇಡವಾಗಿತ್ತು. "ನಾನು ತೊಳೆದ ಕೈ ತೋರಿಸಿ ಡಬ್ಬಿ ತಯಾರು ಮಾಡಿದೆ ಅಕ್ಕ. ಕರೆ ಹಿಡಿದ ಕೈ ಅದಕ್ಕೆ ಕಾಣಲಿಲ್ಲ. ನೋಡಬೇಕಾದದ್ದು ನನ್ನ ಕೆಲಸ. ನಾನು ನೋಡಲಿಲ್ಲ."

ಅಕ್ಕ ಬಟ್ಟೆ ಸುತ್ತಿದ ಕೈಯನ್ನು ಮಡಿಲಿಗೆ ಎಳೆದುಕೊಂಡಳು. ಆಮೇಲೆ ಕೇಳಿದಳು: "ಹಂಗಾದ್ರೆ ನಾನು ಅವಸರ ಮಾಡಿದ್ದಲ್ಲ?"

"ಅಲ್ಲ ಅಕ್ಕ. ನೀನು ನಿಂತು ಕಾದಿದ್ದೀಯ. ನಾನೇ ಕಣ್ಣಾರೆ ನೋಡಿದ್ದೀನಿ."

"ಎಲ್ರೂ ಅವಸರ ಅಂದ್ರು. ನನ್ ಮಗಾನೂ ಅಂದ. ಹಗಲೂ ರಾತ್ರಿ ಯೋಚ್ನೆ ಮಾಡಿ, ಹೌದೇನೋ ಅಂತ ನಾನೂ ಅಂದ್ಕಂಡೆ ಕಣೇ." ಅವಳ ಕಣ್ಣಲ್ಲಿ ನೀರು ಬಂತು. ಬೆರಳು ಹೋದದ್ದಕ್ಕೆ ಅಳದ ಹೆಂಗಸು ಇದಕ್ಕೆ ಅತ್ತಳು. ಒರೆಸಿಕೊಂಡು, ಎಂದಿನ ದನಿಯಲ್ಲಿ, "ಇಲ್ಲಿ ನನಗೊಬ್ಬಳಿಗೆ ಹೇಳಿದ್ರೆ ಆಯ್ತೇನು? ಶೆಡ್ಡಿಗೆ ಹೋಗಿ ಹೇಳು, ಎಲ್ರ ಮುಂದೆ" ಅಂದಳು.

ಹೋಗಿ ಹೇಳಿದೆ. ಹದಿನೈದು ಹೆಂಗಸರು, ಸಾಹುಕಾರರು, ಲಾರಿಗೆ ಮೂಟೆ ತುಂಬುತ್ತಿದ್ದವರು, ಎಲ್ಲರ ಮುಂದೆ. ಕಂಪನಿಗೂ ಬರೆದೆ, ಎರಡು ಫೈಲುಗಳನ್ನೂ ಆ ಚಿತ್ರವನ್ನೂ ಸೇರಿಸಿ. ಅವರು ಒಂದು ವಾರ ಉತ್ತರಿಸಲಿಲ್ಲ, ಆಮೇಲೆ ಎಲ್ಲ ಡಬ್ಬಿಗಳನ್ನೂ ವಾಪಸ್ಸು ತರಿಸಿಕೊಂಡರು. ಶೆಡ್ಡಿನಲ್ಲಿ ಒಬ್ಬಳು ನನ್ನ ಮುಖಕ್ಕೇ, "ನಿಂಗೆ ನಮ್ಮ ಕೈ ಹೆಂಗಿರ್ತಾವೆ ಅಂತ ಗೊತ್ತಿರ್ಲಿಲ್ವೇನೇ? ಇದೇ ಊರಾಗೆ ಹುಟ್ಟಿದ್ದೀಯ" ಅಂದಳು. ಗೊತ್ತಿತ್ತು.

ಡಬ್ಬಿಯನ್ನು ಹೊಸದಾಗಿ ಮಾಡಲು ಕಂಪನಿಯವರು ಒಪ್ಪಿದ ಮೇಲೆ, ಮುಂದಿನ ಸೀಸನ್ನಿನ ನಡುವೆ ಮತ್ತೆ ಫೋಟೊ ತೆಗೆಯಲು ಹೋದೆ. ಈ ಸಲ ಯಾರಿಗೂ ಮೊದಲೇ ಹೇಳಿರಲಿಲ್ಲ. ಕರೆ ಹಿಡಿದ ಕೈ, ಹರಿದ ಬಟ್ಟೆ ಸುತ್ತಿದ ಕೈ, ಒದ್ದೆ ಕೈ, ಸಂಜೆಯ ಮಬ್ಬಿನಲ್ಲಿ ಅಡಿಕೆಯ ರಾಶಿಯೊಳಗೆ ಮುಳುಗಿದ ಕೈ. ಅಕ್ಕ ಆ ವರ್ಷ ಮಿಷನ್ನಿನ ಹತ್ತಿರ ಬಂದಿರಲಿಲ್ಲ, ಆಚೆ ಕೂತು ಆರಿಸುವ ಕೆಲಸ ಮಾಡುತ್ತಿದ್ದಳು. ಎದ್ದು ಬಂದು ಸಾಲಿನಲ್ಲಿ ನಿಂತಳು. ಬಲಗೈ ಮುಂದೆ ಚಾಚಿ, "ಇದ್ನೂ ತಗಿ" ಅಂದಳು.

"ನಿನಗೆ ಯಾಕೆ ಅಕ್ಕ?"

"ಯಾಕಂದ್ರೆ? ಬರೋ ವರ್ಷ ನಾನು ಮಿಷನ್ನಿಗೆ ಕೂರಲ್ಲ ಅಂತ ಯಾರಂದ್ರು ನಿಂಗೆ?"

ತೆಗೆದೆ. ಪಕ್ಕದವಳ ಕೈಯನ್ನೂ ಅಕ್ಕನ ಕೈಯನ್ನೂ ಲ್ಯಾಪ್‌ಟಾಪಿನಲ್ಲಿ ಮೂಲ ಮಾಡೆಲ್‌ಗೆ ತೋರಿಸಿದೆ, ನಾನು ಮುಟ್ಟದೆ ಇದ್ದ, ಕಂಪನಿ ಕೊಟ್ಟಂತೆಯೇ ಇದ್ದ ಮಾಡೆಲ್‌ಗೆ. ಪಕ್ಕದವಳ ಕೈ ಸುತ್ತ ಹಸಿರು ಚೌಕ ಬಂತು. ಅಕ್ಕನ ಕೈ ಸುತ್ತ ಬರಲಿಲ್ಲ. ಬೇರೆ ಬೇರೆ ಕಡೆಯಿಂದ ತೆಗೆದು ನೋಡಿದೆ. ಯಾವುದಕ್ಕೂ ಬರಲಿಲ್ಲ.

"ನಂದಕ್ಕೆ ಯಾಕೆ ಬರ್ಲಿಲ್ಲ?" ಅಂತ ಬಗ್ಗಿ ನೋಡಿದಳು.

ಅದಕ್ಕೆ ಐದು ಬೆರಳಿನ ಕೈಗಳನ್ನಷ್ಟೇ ಕಲಿಸಿದ್ದರು. ಇದು ನನ್ನ ತಪ್ಪಲ್ಲ, ಕಲಿಸಿದವರದು, ನನ್ನದು ಬದಲಿಸಿಕೊಡುವ ಕೆಲಸ ಮಾತ್ರ ಅಂತ ಹೇಳಬಹುದಿತ್ತು. ಹೇಳಲಿಲ್ಲ.

"ನಿನ್ನ ಕೈ ಕೈ ಅಂತ ಇದಕ್ಕೆ ಗೊತ್ತಿಲ್ಲ ಅಕ್ಕ."

ಅಕ್ಕ ತನ್ನ ಕೈಯನ್ನು ತಿರುಗಿಸಿ ಒಮ್ಮೆ ನೋಡಿಕೊಂಡಳು. ಸ್ಟೂಲು ಎಳೆದುಕೊಂಡು ನನ್ನ ಪಕ್ಕ ಕೂತಳು.

"ಗೊತ್ತ್ ಮಾಡ್ಸು ಮತ್ತೆ" ಅಂದಳು.

ಅವಳ ಕೈಯ ಫೋಟೊಗಳನ್ನು ಒಂದೊಂದಾಗಿ ತೆರೆದೆ. ಇಂಥ ಚಿತ್ರಗಳನ್ನು ಕಂಪನಿಗೆ ಕಳಿಸಿ ಮತ್ತೆ ಕಲಿಸಲು ಹೇಳಬೇಕಾದರೆ, ಪ್ರತಿಯೊಂದರಲ್ಲೂ ವಸ್ತುವಿನ ಸುತ್ತ ಚೌಕ ಎಳೆದು, ಅದು ಏನು ಅಂತ ಕೆಳಗೆ ಬರೆಯಬೇಕು. ಮೊದಲನೆಯದಕ್ಕೆ ಎಳೆದೆ. "ಹೆಬ್ಬೆಟ್ಟು ಹೊರಗೇ ಉಳೀತಲ್ಲೇ" ಅಂದಳು. ಸರಿಮಾಡಿ, ಕೆಳಗೆ ಬರೆದೆ.

"ಏನ್ ಬರ್ದೆ?" ಅಂತ ಕೇಳಿದಳು. ಅಕ್ಕನಿಗೆ ಓದು ಬರುವುದಿಲ್ಲ.

"ಕೈ ಅಂತ ಬರೆದೆ."

"ಎಲ್ಲಾ ಫೋಟೊಕ್ಕೂ ಬರೀಬೇಕಾ?"

"ಎಲ್ಲದಕ್ಕೂ ಬರೀಬೇಕು."

"ಬರಿ" ಅಂದಳು, ಎದ್ದು ಹೋಗಲಿಲ್ಲ.